ಮೋಲ್ಡ್ ಬೇಸ್‌ಗೆ ಸ್ಟೇನ್‌ಲೆಸ್: ಕ್ರೋಮಿಯಂ ಜೊತೆ ಕಾರ್ಬನ್ನನ್ನೂ ಕೇಳಿ

ಪ್ರಶ್ನೆ: ಔಷಧಿ ಬಾಟಲಿ ಮುಚ್ಚಳದ ಮೋಲ್ಡ್‌ಗೆ (ಪ್ಲಾಸ್ಟಿಕ್ ಅಚ್ಚು) ಪಿ20 ಎಂಬ, ಸ್ಟೇನ್‌ಲೆಸ್ ಅಲ್ಲದ ಉಕ್ಕಿನ ಬೇಸ್ (ಅಚ್ಚಿನ ಭಾಗಗಳನ್ನು ಹೊರುವ ಪ್ಲೇಟ್‌ಗಳ ಚೌಕಟ್ಟು) ಹಾಕಿಸಿದ್ದೆವು. ಬೋರ್‌ವೆಲ್ ನೀರು. ಎರಡೇ ವರ್ಷಕ್ಕೆ ಕೂಲಿಂಗ್ ಲೈನ್‌ಗಳೆಲ್ಲ (ತಂಪು ನೀರು ಹಾಯುವ ರಂಧ್ರಗಳು) ತುಕ್ಕು ಕಟ್ಟಿ, 11 ಸೆಕೆಂಡಿದ್ದ ಸೈಕಲ್ (ಒಂದು ಸಲ ಅಚ್ಚು ಹೊಯ್ದು ತೆಗೆಯುವ ಸಮಯ) 14ಕ್ಕೆ ಏರಿದೆ. ಹೊಸ ಮೋಲ್ಡ್‌ಗೆ ಒಬ್ಬ ಡೀಲರ್ 16% ಕ್ರೋಮಿಯಂ ಇರುವ 1.2085 (ಜರ್ಮನ್ ಸಂಖ್ಯೆಯ ಸ್ಟೇನ್‌ಲೆಸ್) ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು 12.5% ಕ್ರೋಮಿಯಂನ ‘ಸುಧಾರಿತ’ ಸ್ಟೇನ್‌ಲೆಸ್ ಹೇಳಿ ಹೆಚ್ಚು ದರ ಕೇಳುತ್ತಾರೆ. ಕ್ರೋಮಿಯಂ ಕಡಿಮೆ, ಬೆಲೆ ಜಾಸ್ತಿ. ಇದು ಸರಿಯೇ? (ಪೀಣ್ಯದ ಓದುಗರು)

ಎರಡನೆಯವರು ನಿಮಗೆ ಮೋಸ ಮಾಡುತ್ತಿಲ್ಲ. ತುಕ್ಕು ತಡೆಯುವುದು ಉಕ್ಕಿನೊಳಗೆ ಬಿಡುವಾಗಿ ಕರಗಿರುವ ಕ್ರೋಮಿಯಂ ಮಾತ್ರ. ಕಾರ್ಬನ್ ಜೊತೆ ಸೇರಿ ಕಾರ್ಬೈಡ್ ಆಗಿಹೋದ ಕ್ರೋಮಿಯಂ ಲೆಕ್ಕಕ್ಕಿಲ್ಲ. ಒಂದು ಪಾಲು ಕಾರ್ಬನ್ ತೂಕದಲ್ಲಿ 10ರಿಂದ 16 ಪಾಲು ಕ್ರೋಮಿಯಂ ಹಿಡಿದಿಟ್ಟುಕೊಳ್ಳಬಲ್ಲದು. 1.2085ರಲ್ಲಿ ಕಾರ್ಬನ್ ಸುಮಾರು 0.33%. ಅಷ್ಟೂ ಕಾರ್ಬೈಡ್ ಆಯಿತೆಂದರೆ 3ರಿಂದ 5% ಕ್ರೋಮಿಯಂ ಹೋಯಿತು. ಉಳಿಯುವುದು 11ರಿಂದ 13%. ಸುಧಾರಿತ ಜಾತಿಯಲ್ಲಿ (ಜರ್ಮನ್ ಸಂಖ್ಯೆ 1.2099 ಈ ಗುಂಪಿನದು) ಕಾರ್ಬನ್ 0.05% ಆಸುಪಾಸು. ಅದು ಹೆಚ್ಚೆಂದರೆ 0.8% ಕ್ರೋಮಿಯಂ ತಿನ್ನುತ್ತದೆ, ಉಳಿಯುವುದು ಸುಮಾರು 12%. ಇವೆಲ್ಲ ಮೇಲ್ಮಿತಿಯ ಲೆಕ್ಕ, ಪ್ಲೇಟನ್ನು ಟೆಂಪರ್ ಮಾಡಿದ (ಗಡಸು ಮಾಡಿದ ಮೇಲೆ ಮತ್ತೆ ಕಾಯಿಸಿದ) ರೀತಿಯ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಅಂತೂ ತುಕ್ಕಿನ ವಿಷಯದಲ್ಲಿ ಎರಡೂ ಹತ್ತಿರ ಹತ್ತಿರ.

ಹಾಗಾದರೆ ಹೆಚ್ಚಿನ ದುಡ್ಡು ಯಾಕೆ? ಮೆಷಿನಿಂಗ್ ಮತ್ತು ವೆಲ್ಡಿಂಗ್‌ನಲ್ಲಿ ಉಳಿತಾಯ ಆಗುತ್ತದೆ ಅಂತ. ಎರಡೂ 30 ರಾಕ್‌ವೆಲ್ ಸಿ ಆಸುಪಾಸಿನ ಗಡಸುತನಕ್ಕೆ ಹದ ಮಾಡಿಯೇ ಬರುತ್ತವೆ, ಎರಡರಲ್ಲೂ ಚಿಪ್ ಮುರಿಯಲಿ ಎಂದು ಗಂಧಕ ಸೇರಿಸಿರುತ್ತಾರೆ. ಆದರೆ 1.2085ರಲ್ಲಿ ಗಟ್ಟಿ ಕಾರ್ಬೈಡ್ ಕಣಗಳು ಹೆಚ್ಚು. ಉದ್ದದ ಕೂಲಿಂಗ್ ಲೈನ್ ಕೊರೆಯುವಾಗ ಗನ್ ಡ್ರಿಲ್‌ನ ಅಂಚನ್ನು ಅವೇ ಸವೆಸುತ್ತವೆ. ನಿಮ್ಮ ಮೋಲ್ಡ್‌ನಲ್ಲಿ ರಂಧ್ರ ಹೆಚ್ಚಿದ್ದಷ್ಟೂ ವ್ಯತ್ಯಾಸ ಹೆಚ್ಚು ಕಾಣುತ್ತದೆ. ಕೊರೆಯುವವರಿಂದ ಎರಡೂ ಉಕ್ಕಿಗೆ ಬೇರೆ ಬೇರೆ ದರ ತರಿಸಿ, ಪ್ಲೇಟಿನ ಬೆಲೆಗೆ ಸೇರಿಸಿ ಹೋಲಿಸಿ.

ವೆಲ್ಡಿಂಗ್‌ನಲ್ಲಂತೂ ಕಾರ್ಬನ್ ಕಡಿಮೆ ಇರುವುದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ತಪ್ಪು ಜಾಗದಲ್ಲಿ ಬಿದ್ದ ಒಂದು ರಂಧ್ರ ಮುಚ್ಚಬೇಕು ಅಂದುಕೊಳ್ಳಿ. 1.2085ನ್ನು 200ರಿಂದ 300 ಡಿಗ್ರಿಗೆ ಕಾಯಿಸದೆ ವೆಲ್ಡ್ ಮಾಡಿದರೆ ಬೀಡ್‌ನ (ವೆಲ್ಡ್ ಗೆರೆಯ) ಪಕ್ಕದ ಪಟ್ಟಿ 50 ರಾಕ್‌ವೆಲ್ ಆಸುಪಾಸಿಗೆ ಗಡಸಾಗಿ, ತಣ್ಣಗಾಗುತ್ತಿದ್ದಂತೆ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಆ ಬಿರುಕು ಕೂಲಿಂಗ್ ಲೈನಿಗೆ ತಾಗಿದರೆ ನೀರು ಜಿನುಗುವುದು ಮೋಲ್ಡ್ ಮೆಷಿನ್ ಮೇಲೆ ಕೂತ ಮೇಲೆಯೇ. ಕಾರ್ಬನ್ 0.05% ಇರುವ ಉಕ್ಕಿನಲ್ಲಿ ಆ ಪಟ್ಟಿ 40 ದಾಟುವುದು ಕಷ್ಟ.

ಕೊರತೆಯೂ ಇದೆ. ಕಾರ್ಬನ್ ಕಡಿಮೆಯಾದ್ದರಿಂದ ಸುಧಾರಿತ ಉಕ್ಕನ್ನು ಮುಂದೆ ಇನ್ನಷ್ಟು ಗಡಸು ಮಾಡಲು ಆಗದು. ಸ್ಲೈಡ್ (ಮೋಲ್ಡ್‌ನಲ್ಲಿ ಅಡ್ಡ ಸರಿಯುವ ಭಾಗ) ಓಡುವ ಕಡೆ ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಮೈ ಕಿತ್ತುಕೊಂಡು ಹಿಡಿದುಬಿಡುತ್ತದೆ. ಅಲ್ಲಿ ಗಡಸು ವೇರ್ ಪ್ಲೇಟನ್ನೋ ಕಂಚಿನ ಪಟ್ಟಿಯನ್ನೋ ಹಾಕಿ. ಗಂಧಕ ಇರುವುದರಿಂದ ಎರಡನ್ನೂ ಹೊಳಪಿನ ಕ್ಯಾವಿಟಿಗೆ (ವಸ್ತುವಿನ ಹೊರಮೈ ಮೂಡಿಸುವ ಗುಳಿ) ಬಳಸಬೇಡಿ. ಪಾಲಿಶ್ ಮಾಡುವಾಗ ಸಲ್ಫೈಡ್ ಗೆರೆಗಳು ಎದ್ದುಹೋಗಿ ಸೂಜಿಮೊನೆಯ ಗುಳಿ ಉಳಿಯುತ್ತದೆ. ಕ್ಯಾವಿಟಿ ಇನ್ಸರ್ಟ್‌ಗೆ (ಬೇಸ್‌ನಲ್ಲಿ ಕೂರಿಸುವ ತುಂಡು) 1.2083 ಎಂಬ, ಗಂಧಕ ಸೇರಿಸದ ಸ್ಟೇನ್‌ಲೆಸ್ ಬೇರೆಯೇ ತರಿಸಿ, 50 ರಾಕ್‌ವೆಲ್‌ವರೆಗೆ ಹದ ಮಾಡಿಸಿ.

ಇನ್ನು ನಿಮ್ಮ ಮೂರು ಸೆಕೆಂಡಿನ ಬಗ್ಗೆ. ಪಿ20ರ ಉಷ್ಣವಾಹಕತೆ (ವ್ಯಾಟ್/ಮೀಟರ್-ಕೆಲ್ವಿನ್ ಲೆಕ್ಕದಲ್ಲಿ) ಸುಮಾರು 30, ಈ ಸ್ಟೇನ್‌ಲೆಸ್‌ಗಳದ್ದು 20ರಿಂದ 25. ಅಂದರೆ ಮೊದಲ ದಿನ ಪಿ20ಯೇ ಮುಂದು. ಆದರೆ ಬೋರ್‌ವೆಲ್ ನೀರಿನಿಂದ ಕಟ್ಟುವ ಸುಣ್ಣದ ಪದರದ ವಾಹಕತೆ ಬರೀ 2ರ ಹತ್ತಿರ. ರಂಧ್ರದೊಳಗೆ 1 ಮಿ.ಮೀ. ಕಟ್ಟಿದರೆ 15 ಮಿ.ಮೀ. ಪಿ20 ಗೋಡೆ ಅಡ್ಡ ನಿಲ್ಲಿಸಿದ ಹಾಗೆ. ಸ್ಟೇನ್‌ಲೆಸ್ ಹಾಕಿದರೆ ತುಕ್ಕು ನಿಲ್ಲುತ್ತದೆ, ನೀರಿನ ಸುಣ್ಣ ನಿಲ್ಲುವುದಿಲ್ಲ. ಹಾಗಾಗಿ ಬೇಸ್‌ಗೆ ದುಡ್ಡು ಹಾಕುವಾಗಲೇ ಸಾಫ್ಟ್‌ನರ್‌ಗೂ (ನೀರಿನ ಗಡಸುತನ ತೆಗೆಯುವ ಉಪಕರಣ) ಎತ್ತಿಡಿ. ಅದಿಲ್ಲದಿದ್ದರೆ ಈ ಖರ್ಚಿನ ಅರ್ಧ ಲಾಭ ನೀರುಪಾಲು.

ಪ್ರಶ್ನೆ: ಸ್ಟೇನ್‌ಲೆಸ್ ಅಂತ ಕೊಟ್ಟ ಪ್ಲೇಟಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತಿದೆ. ನಕಲಿ ಇರಬಹುದೇ?

ಅಂಟಲೇಬೇಕು. ಮೋಲ್ಡ್‌ಗೆ ಬಳಸುವುದು ಮಾರ್ಟೆನ್ಸಿಟಿಕ್ ಜಾತಿ, ಅದು ಅಯಸ್ಕಾಂತಕ್ಕೆ ಸಿಗುತ್ತದೆ. ಅಂಟದಿದ್ದರೇ ಅನುಮಾನ ಪಡಿ. ಅದು 304ರಂಥ ಪಾತ್ರೆಯ ಉಕ್ಕು. ಮೆತ್ತಗಿರುತ್ತದೆ, ಬಿಸಿಗೆ ವಿಪರೀತ ಹಿಗ್ಗುತ್ತದೆ, ಬೇಸ್‌ಗೆ ಆಗದು.

ಪರೀಕ್ಷಿಸಲು ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ಕಿರಣದಿಂದ ಲೋಹದ ಅಂಶ ಅಳೆಯುವುದು) ಸಾಲದು. ಅದು ಕ್ರೋಮಿಯಂ ಹೇಳುತ್ತದೆ, ಕಾರ್ಬನ್ ಹೇಳುವುದಿಲ್ಲ. ನೀವು ಹೆಚ್ಚು ಹಣ ಕೊಡುತ್ತಿರುವುದೇ ಕಾರ್ಬನ್ ಕಡಿಮೆ ಇರುವುದಕ್ಕೆ. ಪ್ಲೇಟಿನಿಂದ ಒಂದು ತುಂಡು ಕತ್ತರಿಸಿ ಲ್ಯಾಬಿನಲ್ಲಿ ಸ್ಪಾರ್ಕ್ ಸ್ಪೆಕ್ಟ್ರೋ (ಕಿಡಿಯ ಬೆಳಕಿನಿಂದ ಕಾರ್ಬನ್ ಸಹಿತ ಅಂಶ ಅಳೆಯುವ ಪರೀಕ್ಷೆ) ಮಾಡಿಸಿ. 3.1 ಟೆಸ್ಟ್ ಸರ್ಟಿಫಿಕೇಟ್ (ತಯಾರಕರು ಕೊಡುವ ಪರೀಕ್ಷಾ ಪತ್ರ) ಕೇಳಿ, ಅದರ ಹೀಟ್ ನಂಬರ್ (ಕುಲುಮೆಯ ಎರಕದ ಸಂಖ್ಯೆ) ಪ್ಲೇಟಿನ ಮೇಲೆ ಹೊಡೆದ ನಂಬರಿಗೆ ಹೊಂದುತ್ತದೆಯೇ ನೋಡಿ.

ಪ್ರಶ್ನೆ: ಸ್ಟೇನ್‌ಲೆಸ್ ಬೇಸ್ ಹಾಕಿಯೂ ಕೂಲಿಂಗ್ ಲೈನಿನಲ್ಲಿ ಕಂದು ಚುಕ್ಕೆ, ಚಿಕ್ಕ ಗುಳಿ ಬಂದಿವೆ. ಸುಣ್ಣ ತೆಗೆಯಲು ಆಗಾಗ ಬಾತ್‌ರೂಮ್ ಆ್ಯಸಿಡ್ ಬಿಡುತ್ತೇವೆ.

ಆ ಆ್ಯಸಿಡ್ಡೇ ಕಾರಣವಿರಬೇಕು, ಇವತ್ತೇ ನಿಲ್ಲಿಸಿ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಕ್ಲೋರೈಡ್ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆಯನ್ನು ಅಲ್ಲಲ್ಲಿ ಒಡೆದು ಗುಳಿ ತೋಡುತ್ತದೆ. ಬದಲಿಗೆ 5% ಸಿಟ್ರಿಕ್ ಆಮ್ಲವನ್ನು (20 ಲೀಟರ್ ನೀರಿಗೆ 1 ಕೆ.ಜಿ.) 50 ಡಿಗ್ರಿಗೆ ಕಾಯಿಸಿ, ಚಿಕ್ಕ ಪಂಪ್‌ನಲ್ಲಿ ಲೈನಿನೊಳಗೆ ತಿರುಗಿಸಿ. ಗುಳ್ಳೆ ಬರುವುದು ನಿಂತರೆ ಸುಣ್ಣ ಕರಗಿತು ಎಂದರ್ಥ. ಆಮೇಲೆ ಚೆನ್ನಾಗಿ ತೊಳೆದು, 1% ಅಡುಗೆ ಸೋಡಾ ನೀರು ಹಾಯಿಸಿ, ಮತ್ತೆ ತೊಳೆದು ಒಣಗಾಳಿ ಊದಿ.

ಮೋಲ್ಡ್ ಇಳಿಸಿದಾಗಲೆಲ್ಲ ಗಾಳಿ ಊದುವುದನ್ನು ತಪ್ಪಿಸಬೇಡಿ. ಓಡುವ ನೀರಿಗಿಂತ ನಿಂತ ನೀರೇ ಹೆಚ್ಚು ಗುಳಿ ತೋಡುತ್ತದೆ. ಮೈಲ್ಡ್ ಸ್ಟೀಲಿಗೆ ಬಳಸಿದ ವೈರ್ ಬ್ರಷ್, ಗ್ರೈಂಡಿಂಗ್ ವೀಲ್ ಇದಕ್ಕೆ ತಾಗಿಸಬಾರದು. ಅಂಟಿದ ಕಬ್ಬಿಣದ ಪುಡಿ ತುಕ್ಕಾಗಿ ಪ್ಲೇಟಿನ ಮೇಲೆ ಹರಡುತ್ತದೆ.

ಪ್ರಶ್ನೆ: ಖರ್ಚು ತಗ್ಗಿಸಲು ಕೋರ್ ಕಡೆ (ವಸ್ತುವಿನ ಒಳಮೈ ಮೂಡಿಸುವ ಅರ್ಧ) ಪಿ20, ಕ್ಯಾವಿಟಿ ಕಡೆ ಸ್ಟೇನ್‌ಲೆಸ್ ಪ್ಲೇಟ್ ಹಾಕಬಹುದೇ?

ಗೈಡ್ ಪಿಲ್ಲರ್ (ಮೋಲ್ಡ್‌ನ ಎರಡು ಅರ್ಧಗಳನ್ನು ನೇರ ಸೇರಿಸುವ ಕಂಬ) ಮತ್ತು ಅದು ಜಾರುವ ಬುಶ್ ಕೂರುವ ಎರಡು ಪ್ಲೇಟ್‌ಗಳು ಒಂದೇ ಉಕ್ಕಿನವಾಗಿರಲಿ. ಒಂದು ಡಿಗ್ರಿಗೆ, ಒಂದು ಮೀಟರಿಗೆ ಪಿ20 ಸುಮಾರು 12.5 ಮೈಕ್ರಾನ್ ಹಿಗ್ಗಿದರೆ ಈ ಸ್ಟೇನ್‌ಲೆಸ್ 11ರಷ್ಟು. ಪಿಲ್ಲರ್‌ಗಳ ನಡುವೆ 400 ಮಿ.ಮೀ. ಇದ್ದು ಮೋಲ್ಡ್ 30ರಿಂದ 90 ಡಿಗ್ರಿಗೆ ಏರಿದರೆ 36 ಮೈಕ್ರಾನ್ ವ್ಯತ್ಯಾಸ, ಒಂದೊಂದು ಬದಿಗೆ 18. ಬುಶ್‌ನ ಸಡಿಲವೇ ಅಷ್ಟಿರುತ್ತದೆ. ಪಿಲ್ಲರ್ ಗೀರಿಕೊಂಡು ಸವೆಯುತ್ತದೆ. ಉಳಿತಾಯ ಬೇಕಿದ್ದರೆ ಕ್ಲಾಂಪ್ ಪ್ಲೇಟ್, ಸ್ಪೇಸರ್ ಬ್ಲಾಕ್, ಎಜೆಕ್ಟರ್ ಪ್ಲೇಟ್‌ಗಳನ್ನು ಸಿ45ನಲ್ಲೇ (ಸಾಮಾನ್ಯ ಕಾರ್ಬನ್ ಉಕ್ಕು) ಮಾಡಿಸಿ. ನೀರು ಮಾತ್ರ ಅವುಗಳ ಮೂಲಕ ಹಾಯದಂತೆ, ಹೋಸ್ ನಿಪ್ಪಲ್‌ಗಳು ನೇರ ಸ್ಟೇನ್‌ಲೆಸ್ ಪ್ಲೇಟಿಗೇ ಬರುವಂತೆ ಡ್ರಾಯಿಂಗ್‌ನಲ್ಲೇ ಹಾಕಿಸಿ.