ಸರ್ಕಾರದ ಮಗ್ಗುಲಲ್ಲೇ ಇದ್ದ ಮೆಕ್ಸಿಕೋದ ಯೂನಿಯನ್‌ಗಳು ಉದಾರೀಕರಣವನ್ನು ಯಾಕೆ ತಡೆಯಲಿಲ್ಲ?

ಮೆಕ್ಸಿಕೋದ ಯೂನಿಯನ್‌ಗಳಿಗೆ ಆಳುವ ಪಕ್ಷದೊಳಗೇ ಜಾಗವಿತ್ತು, ಸಂಸತ್ತಿನಲ್ಲಿ ಸೀಟುಗಳಿದ್ದವು. ಇಷ್ಟಿದ್ದೂ 1980ರ ದಶಕದಲ್ಲಿ ಸಂಬಳ ಕುಸಿದಾಗ, ಸರ್ಕಾರಿ ಉದ್ಯಮಗಳು ಮಾರಾಟವಾದಾಗ ಯಾಕೆ ಸುಮ್ಮನಿದ್ದವು ಅಂತ ಕೇಳಿದ್ದೀರಿ. ಒಳಗೆ ಜಾಗವಿದ್ದದ್ದರಿಂದಲೇ ಸುಮ್ಮನಿದ್ದವು ಎಂಬುದು ನನ್ನ ಉತ್ತರ. ಯೂನಿಯನ್ ಕಮಿಟಿಯಲ್ಲಿದ್ದು ವೇತನ ಮಾತುಕತೆಗೆ ಕೂತವನು ನಾನು. ಈ ದೇಶದ ಇತಿಹಾಸ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲು ಒಂದು ಮಾತು. ಮೆಕ್ಸಿಕೋದ ಈ ವ್ಯವಸ್ಥೆಗೆ ಕಾರ್ಪೊರೇಟಿಸಂ ಅಂತ ಹೆಸರು. ಕಾರ್ಪೊರೇಟಿಸಂ ಅಂದರೆ ಕಾರ್ಪೊರೇಟ್ ಕಂಪನಿಗಳ ಆಳ್ವಿಕೆ ಅಂತ ಬಹಳ ಜನ ತಿಳಿದಿದ್ದಾರೆ. ಅದಲ್ಲ. ಕಾರ್ಮಿಕರು, ರೈತರು, ಮಾಲೀಕರು, ಹೀಗೆ ಒಂದೊಂದು ವರ್ಗಕ್ಕೂ ಸರ್ಕಾರವೇ ಒಂದು ಸಂಘಟನೆಯನ್ನು ಒಪ್ಪಿಕೊಂಡು ಅದರ ಮೂಲಕವೇ ಎಲ್ಲ ವ್ಯವಹಾರ ನಡೆಸುವ ಪದ್ಧತಿ ಅದು. ಲಾಜಾರೊ ಕಾರ್ಡೆನಾಸ್ ಅಧ್ಯಕ್ಷರಾಗಿದ್ದಾಗ, 1936ರಲ್ಲಿ, ಸಿಟಿಎಂ ಎಂಬ ಕಾರ್ಮಿಕ ಒಕ್ಕೂಟ ಹುಟ್ಟಿತು. 1938ರಲ್ಲಿ ಅದು ಆಳುವ ಪಕ್ಷದ ಒಂದು ಅಂಗವೇ ಆಯಿತು. ಕಾರ್ಮಿಕರಿಗೆ ಲಾಭ ಆಗಲಿಲ್ಲ ಅಂತ ನಾನು ಹೇಳಲಾರೆ. ಅದೇ ವರ್ಷ ತೈಲ ಉದ್ಯಮ ರಾಷ್ಟ್ರೀಕರಣವಾದದ್ದು ತೈಲ ಕಾರ್ಮಿಕರ ವೇತನದ ಜಗಳದಿಂದಲೇ.

ಆದರೆ ಕೊಟ್ಟ ಕೈಯಲ್ಲೇ ಹಗ್ಗವೂ ಇತ್ತು. ಯೂನಿಯನ್ ಚುನಾವಣೆಯಲ್ಲಿ ಯಾರೇ ಗೆಲ್ಲಲಿ, ಸರ್ಕಾರ ದಾಖಲು ಮಾಡಿಕೊಳ್ಳದಿದ್ದರೆ ಅವರು ಪದಾಧಿಕಾರಿಗಳೇ ಅಲ್ಲ. ಮುಷ್ಕರ ಕಾನೂನುಬದ್ಧವೋ ಅಲ್ಲವೋ ಅಂತ ತೀರ್ಮಾನಿಸುವ ಮಂಡಳಿಯಲ್ಲಿ ಸರ್ಕಾರ, ಮಾಲೀಕರು, ಅಧಿಕೃತ ಯೂನಿಯನ್ ಮೂವರೂ ಜೊತೆಗೆ ಕೂರುತ್ತಿದ್ದರು. ಎಲ್ಲಕ್ಕಿಂತ ಕ್ರೂರವಾದದ್ದು ಹೊರಹಾಕುವ ಷರತ್ತು: ಯೂನಿಯನ್ ಒಬ್ಬನನ್ನು ಸದಸ್ಯತ್ವದಿಂದ ಕಿತ್ತರೆ ಕಂಪನಿ ಅವನನ್ನು ಕೆಲಸದಿಂದಲೂ ತೆಗೆಯಬೇಕು. ನಾಯಕನ ವಿರುದ್ಧ ಸಭೆಯಲ್ಲಿ ಎದ್ದು ನಿಂತವನ ಮನೆಯ ಒಲೆ ಆರುತ್ತಿತ್ತು. ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂದದ್ದು 2001ರಲ್ಲಿ.

1948ರಲ್ಲಿ ರೈಲ್ವೆ ಯೂನಿಯನ್ನಿನ ತಲೆಯ ಮೇಲೆ ಸರ್ಕಾರ ತನ್ನ ಬೆಂಬಲದ ನಾಯಕನನ್ನು ಕೂರಿಸಿತು. ಆತನಿಗೆ ಕುದುರೆ ಸವಾರರ ಚಾರೊ ಉಡುಪಿನ ಶೋಕಿ. ಅಂದಿನಿಂದ ಸರ್ಕಾರಕ್ಕೋ ಮಾಲೀಕರಿಗೋ ಮಾರಿಕೊಂಡ ಯೂನಿಯನ್ ನಾಯಕನಿಗೆ ಅಲ್ಲಿ 'ಚಾರೊ' ಅಂತಲೇ ಹೆಸರು.

ಈಗ 1982ಕ್ಕೆ ಬನ್ನಿ. ಸಾಲ ತೀರಿಸಲಾಗದೆ ದೇಶ ಕೈಚೆಲ್ಲಿತು, ಸರ್ಕಾರ ಉದಾರೀಕರಣದ ಕಡೆಗೆ ದಿಕ್ಕು ಬದಲಿಸಿತು. ಹಣದುಬ್ಬರ 1987ರಲ್ಲಿ 150% ದಾಟಿತು. ಆ ಡಿಸೆಂಬರ್‌ನಲ್ಲಿ ಸರ್ಕಾರ, ಉದ್ಯಮಿಗಳು, ರೈತ ಸಂಘಟನೆಗಳು, ಕಾರ್ಮಿಕ ಒಕ್ಕೂಟಗಳು ಒಂದೇ ಮೇಜಿಗೆ ಕೂತು ಬೆಲೆ, ಸಂಬಳಗಳನ್ನು ಹಿಡಿದಿಡುವ ಒಪ್ಪಂದ ಮಾಡಿಕೊಂಡವು. ಹಣದುಬ್ಬರವೇನೋ ಇಳಿಯಿತು, ಅದಕ್ಕೆ ಬೆಲೆ ತೆತ್ತದ್ದು ಸಂಬಳ. ಸಿಟಿಎಂನ ನಾಯಕ ಫಿಡೆಲ್ ವೆಲಾಸ್ಕೆಸ್ ಸಹಿ ಹಾಕದೆ ಏನು ಮಾಡಬಹುದಿತ್ತು? ಆ ಕುರ್ಚಿ ಸದಸ್ಯರ ವೋಟಿನ ಮೇಲೆ ನಿಂತಿರಲಿಲ್ಲ, ಸರ್ಕಾರದ ಒಪ್ಪಿಗೆಯ ಮೇಲೆ ನಿಂತಿತ್ತು. ಎದುರು ನಿಂತರೆ ಏನಾಗುತ್ತದೆ ಅಂತ 1989ರ ಜನವರಿಯಲ್ಲಿ ಎಲ್ಲರೂ ನೋಡಿದರು: ಸಾಲಿನಾಸ್ ಅಧ್ಯಕ್ಷರಾಗಿ ಆರು ವಾರವೂ ಆಗಿರಲಿಲ್ಲ, ಸೈನಿಕರು ತೈಲ ಯೂನಿಯನ್ನಿನ ಬಲಿಷ್ಠ ನಾಯಕ ಹೆರ್ನಾಂಡೆಸ್ ಗಲಿಸಿಯಾ ಅವರ ಮನೆಗೇ ನುಗ್ಗಿ ಹಿಡಿದೊಯ್ದರು. ಆತ ಸಾಧು ಏನಲ್ಲ. ಆದರೆ ಹಿಡಿದದ್ದು ಸಾಧುವಲ್ಲ ಅನ್ನುವ ಕಾರಣಕ್ಕೂ ಅಲ್ಲ.

1994ರಲ್ಲಿ ನಾಫ್ಟಾ, ಅಂದರೆ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರ ಒಪ್ಪಂದ, ಬಂದ ಮೇಲೆ ಹೊಸ ಕಾರ್ಖಾನೆಗಳಿಗೆ ಈ ಹಳೇ ವ್ಯವಸ್ಥೆ ವರವಾಯಿತು. ಕಾರ್ಖಾನೆಗೆ ಕೆಲಸಗಾರರು ಬರುವ ಮೊದಲೇ ಕಂಪನಿ ಯಾವುದೋ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿರುತ್ತಿತ್ತು. ನಿಜವಾದ ಯೂನಿಯನ್ ಕಟ್ಟಲು ಹೋದವರಿಗೆ "ಇಲ್ಲಿ ಈಗಾಗಲೇ ಒಂದಿದೆ" ಅನ್ನುವ ಉತ್ತರ. ಅದನ್ನು ಬದಲಿಸಬೇಕೆಂದರೆ ಮ್ಯಾನೇಜರ್, ಹಳೇ ನಾಯಕ, ಅಧಿಕಾರಿ ಎಲ್ಲರೂ ನೋಡುತ್ತಿರುವಾಗ ಮುಂದೆ ಬಂದು ಬಾಯಿಬಿಟ್ಟು ವೋಟು ಹೇಳಬೇಕು. ಆ ಸಾಲಿನಲ್ಲಿ ನಿಂತವನ ಜಾಗದಲ್ಲಿ ನಿಮ್ಮನ್ನು ನೀವು ಇಟ್ಟು ನೋಡಿ. ನಾನು ಮಾತುಕತೆಯ ಕೋಣೆಯಲ್ಲಿ ಕೂತಾಗ ನನ್ನ ಬೆನ್ನಿಗೆ ಇದ್ದ ಒಂದೇ ಬಲ ಹೊರಗಿದ್ದವರು ಗುಟ್ಟಾಗಿ ಹಾಕಿದ್ದ ವೋಟು.

2019ರ ಮೇ 1ರ ಕಾನೂನು ಬದಲಿಸಿದ್ದು ಇದನ್ನೇ. ಒಪ್ಪಂದಕ್ಕೆ ಕಾರ್ಮಿಕರ ಗುಪ್ತ ಮತದಾನ ಕಡ್ಡಾಯವಾಯಿತು, ಮುಷ್ಕರಗಳ ಬಗ್ಗೆ ತೀರ್ಮಾನಿಸುತ್ತಿದ್ದ ಆ ಹಳೇ ಮಂಡಳಿಗಳ ಜಾಗಕ್ಕೆ ಕಾರ್ಮಿಕ ನ್ಯಾಯಾಲಯಗಳು ಬಂದವು. ಸಿಲಾವೊದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ 2021ರ ಏಪ್ರಿಲ್‌ನ ಮತದಾನ ಗೋಲ್‌ಮಾಲ್‌ನಿಂದ ರದ್ದಾಯಿತು. ಆಗಸ್ಟ್‌ನಲ್ಲಿ ಮತ್ತೆ ನಡೆದಾಗ ಸಿಟಿಎಂ ಯೂನಿಯನ್ನಿನ ಒಪ್ಪಂದಕ್ಕೆ 2,623 ಮಂದಿ ಹೂಂ ಅಂದರು, 3,214 ಮಂದಿ ಬೇಡ ಅಂದರು. 2022ರ ಫೆಬ್ರವರಿಯಲ್ಲಿ ಸಿಂಟಿಯಾ ಎಂಬ ಸ್ವತಂತ್ರ ಯೂನಿಯನ್ ಮುಕ್ಕಾಲು ಪಾಲಿಗೂ ಹೆಚ್ಚು ವೋಟು ಪಡೆದು ಗೆದ್ದಿತು. ಮೇ ತಿಂಗಳಲ್ಲಿ ಅದು ಮಾಡಿಕೊಂಡ ಮೊದಲ ಒಪ್ಪಂದದಲ್ಲಿ ಸಂಬಳ 8.5% ಏರಿತು.