ಡೆಬಿಯನ್ ಆನ್ ಮಾಡಿದಾಗಲೆಲ್ಲ ಎರಡೆರಡು ಇಂಟರ್‌ನೆಟ್ ಕನೆಕ್ಷನ್ ಯಾಕೆ ಬರುತ್ತದೆ?

ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿರುವ ಸಕಲೇಶಪುರದ ಅಂಗಡಿಯ ಕಂಪ್ಯೂಟರ್ ಆನ್ ಆದಾಗಲೆಲ್ಲ ಪಿಪಿಪಿ0, ಪಿಪಿಪಿ1 ಅಂತ ಎರಡು ಕನೆಕ್ಷನ್ ಕಾಣಿಸುತ್ತವೆ, ನೆಟ್ ಸ್ವಲ್ಪ ಹೊತ್ತು ಇದ್ದು ಆಮೇಲೆ ಬಂದು ಬಂದು ಹೋಗುತ್ತದೆ ಎಂದು ಕೇಳಿದ್ದೀರಿ. ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿದೆ (ಲೈನನ್ನು ದಾಟಿಸುತ್ತದೆ ಅಷ್ಟೇ), ಡಯಲ್ ಮಾಡುವುದು, ಅಂದರೆ ಯೂಸರ್ ನೇಮ್ ಕೊಟ್ಟು ಕನೆಕ್ಷನ್ ತೆಗೆದುಕೊಳ್ಳುವುದು, ಕಂಪ್ಯೂಟರೇ ಎಂದೂ ಬರೆದಿದ್ದೀರಿ. ಹಾಗಿದ್ದರೆ ಮೊದಲು ಲೈನನ್ನು ಬೈಯಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಎರಡು ಕಡೆಯಿಂದ ಡಯಲ್ ಆಗುತ್ತಿದೆ.

ಹಾಸನದಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಒಂದು ಮಳೆಗಾಲ ಪೂರ್ತಿ ಇದೇ ಕಾಟ. ಪಹಣಿ ತೆಗೆಸಲು ಬಂದವರು ಬೆಂಚಿನ ಮೇಲೆ ಕಾಯುತ್ತಿರುತ್ತಾರೆ, ಪುಟ ಅರ್ಧ ತೆರೆದು ನಿಂತುಬಿಡುತ್ತದೆ. ಹಳ್ಳಿಯಿಂದ ಬಸ್ ಹಿಡಿದು ಬಂದವರಿಗೆ ‘ನಾಳೆ ಬನ್ನಿ’ ಅನ್ನುವುದು ತುಂಬಾ ಬೇಜಾರಿನ ಕೆಲಸ.

ಕಾರಣ ಸಿಕ್ಕಿದ್ದು ಲಾಗ್‌ನಲ್ಲಿ. ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಮೈನಸ್ ಬಿ ಕೊಟ್ಟು, ಪಿಪಿಪಿಡಿ (ಡಯಲ್ ಮಾಡುವ ಪ್ರೋಗ್ರಾಂ) ಎಂದಿರುವ ಸಾಲುಗಳನ್ನಷ್ಟೇ ನೋಡಿ. ಹೆಸರಿನ ಪಕ್ಕ ಒಂದು ನಂಬರ್ ಇರುತ್ತದೆ, ಪ್ರೋಗ್ರಾಂ ಪ್ರತಿ ಸಲ ಶುರುವಾದಾಗ ಸಿಗುವ ನಂಬರ್ ಅದು. ನನ್ನಲ್ಲಿ ಮೊದಲ ಸಾಲುಗಳಲ್ಲಿ 812 ಇತ್ತು, ಎರಡು ನಿಮಿಷ ಬಿಟ್ಟು ಬಂದ ಸಾಲುಗಳಲ್ಲಿ 1943. ಅಂದರೆ ಒಂದೇ ಪ್ರೋಗ್ರಾಂ ಎರಡು ಸಲ ಶುರುವಾಗಿದೆ. ಕೆಲವು ಕಂಪನಿಯವರು ಒಂದು ಯೂಸರ್ ನೇಮಿಗೆ ಒಂದೇ ಸೆಷನ್ ಬಿಡುತ್ತಾರೆ. ಹೊಸದು ಒಳಗೆ ಬಂದರೆ ಹಳೆಯದು ಬೀಳುತ್ತದೆ, ಹಳೆಯದು ಮತ್ತೆ ಡಯಲ್ ಮಾಡಿ ಹೊಸದನ್ನು ಬೀಳಿಸುತ್ತದೆ. ಈ ಕಿತ್ತಾಟ ನಿಲ್ಲುವುದೇ ಇಲ್ಲ.

ಡಯಲ್ ಮಾಡುತ್ತಿರುವವರು ಯಾರು ಅಂತ ಹುಡುಕಲು, ರೂಟ್ (ಅಡ್ಮಿನ್) ಆಗಿ, ಸೆಟ್ಟಿಂಗ್ ಫೈಲುಗಳಿರುವ ಇಟಿಸಿ ಫೋಲ್ಡರ್ ಪೂರ್ತಿ ‘ಡಿಎಸ್‌ಎಲ್-ಪ್ರೊವೈಡರ್’ ಎಂಬ ಕನೆಕ್ಷನ್ ಹೆಸರನ್ನು ಗ್ರೆಪ್ ಕಮಾಂಡಿನಿಂದ ಹುಡುಕಿ. ಒಂದು ನೆಟ್‌ವರ್ಕ್ ಫೋಲ್ಡರಿನ ಇಂಟರ್‌ಫೇಸಸ್ ಫೈಲಿನಲ್ಲಿ ಸಿಗುತ್ತದೆ, ‘ಆಟೋ’ ಎಂಬ ಪದದ ಜೊತೆ. ಅದನ್ನು ಕನೆಕ್ಷನ್ ಸೆಟಪ್ ಮಾಡುವ ಪಿಪಿಪಿಒಇಕಾನ್ಫ್ ಎಂಬ ಪ್ರೋಗ್ರಾಂ ಬರೆದಿರುತ್ತದೆ, ಅದು ಹಾಗೇ ಇರಲಿ. ಇನ್ನೊಂದು ನನಗೆ ಸಿಕ್ಕಿದ್ದು ಕಂಪ್ಯೂಟರ್ ಆನ್ ಆದಾಗ ಓಡುವ ಆರ್‌ಸಿ ಡಾಟ್ ಲೋಕಲ್ ಫೈಲಿನಲ್ಲಿ: ಮೇಲೆ ‘ಸ್ಲೀಪ್ 120’ (120 ಸೆಕೆಂಡ್ ಕಾಯು ಅಂತ), ಕೆಳಗೆ ಡಯಲ್ ಶುರು ಮಾಡುವ ಪಿ-ಓ-ಎನ್ ಎಂಬ ಮೂರಕ್ಷರದ ಕಮಾಂಡ್. ಈ ಎರಡು ಸಾಲುಗಳ ಮುಂದೆ ಹ್ಯಾಶ್ (#) ಹಾಕಿ, ಆಗ ಅವು ಓಡುವುದಿಲ್ಲ.

ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ಸಾಲನ್ನು ಯಾರೂ ಸುಮ್ನೆ ಹಾಕಿರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ಬೇಗ ಏಳುತ್ತದೆ, ಲೈನ್ ನಿಧಾನಕ್ಕೆ ಬರುತ್ತದೆ. ಮಲೆನಾಡಿನ ಮಳೆಯಲ್ಲಿ ಇದು ದಿನಕ್ಕೆ ನಾಲ್ಕು ಸಲ, ಅಲ್ವಾ? ಮೊದಲ ಡಯಲ್ ಸೋಲುತ್ತದೆ, ಅದಕ್ಕೇ ಯಾರೋ ಎರಡನೆಯದನ್ನು ಸೇರಿಸಿರುತ್ತಾರೆ. ಸರಿಯಾದ ಮದ್ದು ಬೇರೆ ಇದೆ. ಇಟಿಸಿಯಲ್ಲಿರುವ ಪಿಪಿಪಿ ಫೋಲ್ಡರಿನ ಒಳಗಿನ ಪಿಯರ್ಸ್ ಫೋಲ್ಡರಿನಲ್ಲಿ ಡಿಎಸ್‌ಎಲ್-ಪ್ರೊವೈಡರ್ ಫೈಲ್ ತೆರೆಯಿರಿ. ‘ಪರ್ಸಿಸ್ಟ್’ (ಕನೆಕ್ಷನ್ ಬಿದ್ದರೆ ಮತ್ತೆ ಡಯಲ್ ಮಾಡು ಅಂತ) ಎಂಬ ಸಾಲು ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ಅದರ ಕೆಳಗೆ ‘ಮ್ಯಾಕ್ಸ್‌ಫೇಲ್ 0’ ಬರೆಯಿರಿ. ಇದನ್ನು ಬರೆಯದಿದ್ದರೆ ಪಿಪಿಪಿಡಿ ಸತತ 10 ಸಲ ಸೋತ ಮೇಲೆ ಕೈಬಿಡುತ್ತದೆ. ಸೊನ್ನೆ ಅಂದರೆ ಲೈನ್ ಬರುವ ತನಕ ಪ್ರಯತ್ನ ನಿಲ್ಲಿಸಬೇಡ ಅಂತ.

ಪರೀಕ್ಷೆ ಮಾಡುವಾಗ ಮೋಡೆಮನ್ನೂ ಕಂಪ್ಯೂಟರನ್ನೂ ಒಟ್ಟಿಗೇ ಆಫ್ ಮಾಡಿ ಆನ್ ಮಾಡಿ, ಕರೆಂಟ್ ಹೋಗಿ ಬಂದ ಹಾಗೆ. ಐದು ನಿಮಿಷ ಬಿಟ್ಟು ‘ಐಪಿ ಅಡ್ರೆಸ್’ ಕಮಾಂಡ್ ಕೊಡಿ. ಪಿಪಿಪಿ0 ಒಂದೇ ಇರಬೇಕು. ಇನ್ನೂ ಎರಡು ಕಂಡರೆ ಗ್ರೆಪ್‌ನಲ್ಲಿ ಬಂದ ಸಾಲುಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ. ಯೂಸರ್ ನೇಮ್, ಪಾಸ್‌ವರ್ಡ್ ಮಾತ್ರ ಅಳಿಸಿ ಹಾಕಿ.