ಸಂಪಾದಕರ ಉತ್ತರ: ಪರೀಕ್ಷೆ ಮುಗಿದ ಮೇಲೆ ಬರುವ ವಿದ್ಯಾರ್ಥಿವೇತನ

ಮಾನ್ಯರೇ,

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಗ್ಗೆ ತಾವು ಬರೆದ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೇವೆ. ಹಣವನ್ನು ವಿದ್ಯಾರ್ಥಿಯ ಖಾತೆಗೆ ಹಾಕಿದರೆ ಅದು ಮೊಬೈಲಿಗೂ ಬೈಕಿನ ಕಂತಿಗೂ ಹೋಗಿ ಕಾಲೇಜಿನ ಶುಲ್ಕ ಬಾಕಿ ಉಳಿಯುತ್ತದೆ, ಆದ್ದರಿಂದ ಹಿಂದಿನಂತೆ ಕಾಲೇಜಿಗೇ ಕೊಡಬೇಕು ಎಂಬುದು ನಿವೃತ್ತ ಪ್ರಾಂಶುಪಾಲರಾದ ತಮ್ಮ ವಾದ. ಜೊತೆಗೆ, ತಮ್ಮ ಬೀದಿಯ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳಿಗೆ ಹಣ ಜಮಾ ಆಗಿದೆಯೆಂದು ಪೋರ್ಟಲ್ ಹೇಳುತ್ತಿದ್ದರೂ ಅವಳ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಕಾಣುತ್ತಿಲ್ಲವೆಂದು ಬರೆದಿದ್ದೀರಿ. ತಮ್ಮ ವಾದವನ್ನು ಒಪ್ಪಲಾರೆ. ಆ ಹುಡುಗಿಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಾಲೇಜಿಗೇ ಹಣ ಕೊಡುತ್ತಿದ್ದ ಕಾಲ ಅಷ್ಟೇನೂ ಚೆನ್ನಾಗಿರಲಿಲ್ಲ. ಹಿಮಾಚಲ ಪ್ರದೇಶದಲ್ಲಿ 250 ಕೋಟಿ ರೂಪಾಯಿಗೂ ಹೆಚ್ಚಿನ ವಿದ್ಯಾರ್ಥಿವೇತನ ದುರ್ಬಳಕೆಯಾಗಿದೆ, ಅದರಲ್ಲಿ ಖಾಸಗಿ ಸಂಸ್ಥೆಗಳ ಕೈವಾಡವಿದೆ ಎಂಬ ಆರೋಪ 2019ರಲ್ಲಿ ಸಿಬಿಐ ತನಿಖೆಗೆ ಹೋದದ್ದು ತಮಗೆ ನೆನಪಿರಬಹುದು. ಹಣ ವಿದ್ಯಾರ್ಥಿಯ ಕೈ ಮುಟ್ಟದೆ ಸಂಸ್ಥೆಗೆ ಹೋಗುವಾಗ, ತನ್ನ ಹೆಸರಿನಲ್ಲಿ ಎಷ್ಟು ಬಂತೆಂಬುದು ಅವನಿಗೇ ತಿಳಿಯುವುದಿಲ್ಲ. ಇದು ತಮ್ಮಂಥ ಪ್ರಾಮಾಣಿಕ ಪ್ರಾಂಶುಪಾಲರ ಮೇಲಿನ ದೂರಲ್ಲ.

ನನ್ನ ದೃಷ್ಟಿಯಲ್ಲಿ ಹಣ ಯಾರ ಖಾತೆಗೆ ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. 1944ರಿಂದ ನಡೆದುಬಂದಿರುವ ಈ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸಬೇಕೆಂದು ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ರಾಜ್ಯ ತನ್ನ 40 ಭಾಗವನ್ನು ಹಾಕಿದ್ದು ಖಚಿತವಾದ ಮೇಲೆಯೇ ಕೇಂದ್ರದ 60 ಭಾಗ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಒಂದೇ ಶುಲ್ಕ, ಎರಡು ಬೊಕ್ಕಸ, ಎರಡು ಕಂತು. ಅದಕ್ಕೂ ಮುಂಚೆ ನಾಡಕಚೇರಿಯಿಂದ ಪಡೆದ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ತಾಳೆಯಾಗಬೇಕು, ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಇನಿಷಿಯಲ್ಲಿನ ವ್ಯತ್ಯಾಸವೂ ಇರಬಾರದು, ಕಾಲೇಜಿನವರು ದಾಖಲೆಗಳು ಸರಿಯಿವೆಯೆಂದು ಆನ್‌ಲೈನಿನಲ್ಲಿ ಇ-ದೃಢೀಕರಣ ಮಾಡಿಕೊಡಬೇಕು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಅರ್ಜಿ ನಿಂತಲ್ಲೇ ನಿಲ್ಲುತ್ತದೆ. ಶುಲ್ಕ ಕಟ್ಟುವ ಕೊನೆಯ ದಿನ ಮಾತ್ರ ನಿಲ್ಲುವುದಿಲ್ಲ. (ನಾನು ಪಿಯುಸಿ ಓದುವಾಗ ಪೋರ್ಟಲ್ ಇರಲಿಲ್ಲ, ಆದರೂ ನನ್ನ ವಿದ್ಯಾರ್ಥಿವೇತನದ ಚೆಕ್ಕು ಬಂದದ್ದು ಪರೀಕ್ಷೆ ಮುಗಿಸಿ ಊರಿಗೆ ಹೋದ ಮೇಲೆ. ಕಾಲೇಜಿನ ಗುಮಾಸ್ತರು ಅದನ್ನು ಅಂಚೆಯಲ್ಲಿ ಕಳಿಸಿದ್ದೇ ಪುಣ್ಯ.)

ವಿದ್ಯಾರ್ಥಿವೇತನ ಬರುವವರೆಗೆ ಶುಲ್ಕ ಕಟ್ಟುವವರು ಯಾರು? ಕೂಲಿಯ ಮನೆಯಲ್ಲಿ ತಾಯಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತುತ್ತಾಳೆ, ಇಲ್ಲವೇ ಕಿವಿಯ ಓಲೆ ಗಿರವಿಗೆ ಹೋಗುತ್ತದೆ. ವರ್ಷ ಕಳೆದು ಬಂದ ಸರ್ಕಾರದ ಹಣ ಆ ಸಾಲಕ್ಕೆ, ಬಡ್ಡಿಗೆ ಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ವಿದ್ಯಾರ್ಥಿವೇತನ ಬೇರೆ ಕಡೆ ಖರ್ಚಾದಂತೆ ಕಾಣುವುದು ಸಹಜ. ಮೊಬೈಲು ಕೊಂಡವರು ಇಲ್ಲವೆಂದಲ್ಲ. ಆದರೆ ಮನೆಯಿಂದಲೇ ಓಡಾಡುವ ಬಿ.ಎ., ಬಿ.ಕಾಂ. ವಿದ್ಯಾರ್ಥಿಗೆ ಈ ಯೋಜನೆಯಲ್ಲಿ ಶುಲ್ಕದ ಹೊರತಾಗಿ ಸಿಗುವ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3,000 ರೂಪಾಯಿ, ಅಂದರೆ ತಿಂಗಳಿಗೆ 250. ಅದರಲ್ಲಿ ಬೈಕಿನ ಕಂತು ಕಟ್ಟಿದವನು ಇದ್ದರೆ ಅವನಿಂದ ಹಣಕಾಸು ಇಲಾಖೆಯೇ ಪಾಠ ಕಲಿಯಬೇಕು. ಕೇಂದ್ರದ ಈ ಯೋಜನೆಗೆ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ ಎಂಬುದನ್ನೂ ಇಲ್ಲಿ ನೆನೆಯಬೇಕು. ತಿಂಗಳಿಗೆ 21 ಸಾವಿರ ದುಡಿಯುವ ಚಾಲಕನ ಮಗ ಅದರಿಂದ ಹೊರಗುಳಿಯುತ್ತಾನೆ.

ತಮ್ಮ ಆತಂಕಕ್ಕೆ ಪರಿಹಾರ ಕೇಂದ್ರದ ಮಾರ್ಗಸೂಚಿಯಲ್ಲಿಯೇ ಇದೆ. ಅರ್ಹ ವಿದ್ಯಾರ್ಥಿಗೆ ಸರ್ಕಾರ ಫ್ರೀಶಿಪ್ ಕಾರ್ಡ್ ಕೊಡುವುದು, ಅದನ್ನು ತೋರಿಸಿದವರಿಂದ ಕಾಲೇಜು ಮುಂಗಡ ಶುಲ್ಕ ಕೇಳದೆ ಪ್ರವೇಶ ಕೊಡುವುದು, ಹಣ ಬಂದ ಮೇಲೆ ವಿದ್ಯಾರ್ಥಿ ಶುಲ್ಕ ಕಟ್ಟುವುದು. ಸಾಲದ ಹೊರೆ ಮನೆಯಿಂದ ಇಳಿಯಲು ಇದಕ್ಕಿಂತ ಸರಳವಾದ ದಾರಿ ನನಗೆ ಕಾಣುತ್ತಿಲ್ಲ. ಆದರೆ ಅತಿಥಿ ಉಪನ್ಯಾಸಕರ ಸಂಬಳವನ್ನು ಶುಲ್ಕದಿಂದಲೇ ಕೊಡುವ ತಾಲ್ಲೂಕಿನ ಸಣ್ಣ ಖಾಸಗಿ ಕಾಲೇಜು ಎಂಟು ತಿಂಗಳು ಕಾಯಬೇಕೆಂದರೆ ಹೇಗೆ ಕಾದೀತು? ಆದ್ದರಿಂದ ತಾವು ಸರ್ಕಾರಕ್ಕೆ ಬರೆಯುವುದಾದರೆ, ಹಣವನ್ನು ಕಾಲೇಜಿಗೆ ಕೊಡಿ ಎನ್ನುವ ಬದಲು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಎರಡೂ ಕಂತು ಜಮಾ ಆಗಲಿ ಎಂದು ಕೇಳಿ. ಆ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ.

ಇನ್ನು ತಮ್ಮ ಬೀದಿಯ ಹುಡುಗಿಯ ವಿಷಯ. ನೇರ ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿಗಳನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಸಿಮ್ ಕೊಳ್ಳುವಾಗಲೋ ಬೇರೆ ಯಾವುದೋ ಸೌಲಭ್ಯಕ್ಕೆಂದೋ ತೆರೆದು ಮರೆತ ಖಾತೆಯೊಂದಕ್ಕೆ ಅವಳ ಹಣ ಹೋಗಿರುವ ಸಾಧ್ಯತೆಯೇ ಹೆಚ್ಚು. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಅವಳ ಮೊಬೈಲಿಗೆ ಬರುವ ಒಟಿಪಿಯಿಂದ ನೋಡಬಹುದು. ಅಲ್ಲಿ ಬೇರೆ ಬ್ಯಾಂಕಿನ ಹೆಸರು ಕಂಡರೆ ಹಣ ಅಲ್ಲೇ ಇರಬಹುದು, ಇದ್ದರೆ ಹೋಗಿ ತೆಗೆದುಕೊಳ್ಳಬಹುದು. ಅಲ್ಲಿಯೂ ಇಲ್ಲದಿದ್ದರೆ ಜಮಾ ಆದ ದಿನಾಂಕವಿರುವ ಪೋರ್ಟಲಿನ ಪುಟವನ್ನು ಮುದ್ರಿಸಿಕೊಂಡು, ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ತಾವೇ ಅವಳ ಜೊತೆಗೆ ಹೋಗಿಬನ್ನಿ.

— ಸಂಪಾದಕ